ಕರೆಯದೆ ಬಿಟ್ಟ ಹೆಸರು

ಬಿ.ಎಡ್. ಸೇರುವ ನನ್ನ ಆಸೆ ಆ ಬುಧವಾರ ಅಕ್ಕಲಕೋಟದ ಒಂದು ಕನ್ನಡ ಶಾಲೆಯಲ್ಲಿ ಮುಗಿದೇ ಹೋಯಿತೆಂದು ತಿಳಿದಿದ್ದೆ.

ವಿಶ್ವವಿದ್ಯಾಲಯದ ಶಿಕ್ಷಕರ ತರಬೇತಿ ವಿಭಾಗ ಇರುವುದು ಸೋಲಾಪುರದಲ್ಲಿ, ನಮ್ಮ ಮನೆಯಿಂದ ಎರಡು ರಿಕ್ಷಾ ದೂರ. ಕನ್ನಡ ಕಲಿಸುವವರಿಗೆ ಇಟ್ಟ ಸೀಟುಗಳಲ್ಲಿ ಒಂದು ಉಳಿದಿತ್ತು. ಪ್ರವೇಶ ಪರೀಕ್ಷೆಯಲ್ಲಿ ನನಗೆ ಬಂದ ಅಂಕ ಅಷ್ಟಕ್ಕಷ್ಟೆ. ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಿ, ಆಮೇಲೆ ನೋಡೋಣ ಎಂದಿದ್ದರು. ಕನ್ನಡ ಮಕ್ಕಳು ಬೇಕಲ್ಲ, ಅದಕ್ಕೆ ಅಕ್ಕಲಕೋಟ.

ನಾನು ನಾಗಣಸೂರದ ಕನ್ನಡ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಮುಂದಿನದೆಲ್ಲ ಮರಾಠಿಯಲ್ಲಿ. ಕಾಲೇಜು ಕಂಡದ್ದು ಮಗಳು ಪ್ರಣಿತಾ ಹುಟ್ಟಿದ ಮೇಲೆ, ಅದೂ ಸಂಜೆ ಕಾಲೇಜು. ದಿನವೆಲ್ಲ ದುಡಿದು ಬಂದವರು ತೂಕಡಿಸುತ್ತ ಕೂರುವ ತರಗತಿ ಅದು. ಅಲ್ಲಿ ಸರ್ ಯಾರನ್ನೂ ಎಬ್ಬಿಸಿ ಪ್ರಶ್ನೆ ಕೇಳುತ್ತಿರಲಿಲ್ಲ. ಹೀಗೆ ಕಲಿತವಳು ಹಗಲಿನ ಸಾಲೆಯಲ್ಲಿ ಏನು ಕಲಿಸಿಯಾಳು ಎಂಬ ಅನುಮಾನ ಬಸ್ಸು ಹತ್ತುವಾಗಲೇ ನನ್ನ ಜೊತೆ ಬಂದು ಕೂತಿತ್ತು.

ಪರೀಕ್ಷೆ ಮಾಡಲು ಬಂದವರು ಉಜ್ವಲಾ ಮೇಡಂ. ಐದನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಮಕ್ಕಳ ಜೊತೆ ಕೂತು, "ಮೊದಲ ಹುಡುಗರ ಹೆಸರ ಕೇಳ್ರಿ. ಆಮ್ಯಾಲ ಒಬ್ಬೊಬ್ಬರಿಗೂ ಹೆಸರ ಹಿಡದು ಒಂದೊಂದು ಪ್ರಶ್ನೆ ಕೇಳ್ರಿ. ನಾ ಅಷ್ಟ ನೋಡಾಕಿ" ಎಂದರು.

ಇಷ್ಟೇ ತಾನೆ ಎಂದು ನನಗೆ ಸಮಾಧಾನವಾಯಿತು. ಮಕ್ಕಳು ಸಾಲಾಗಿ ಎದ್ದು ಹೆಸರು ಹೇಳತೊಡಗಿದರು. ಓಂಕಾರ. ಅಕ್ಕನಾಗಮ್ಮ. ಸಾಯಬಣ್ಣ. ಕಿಟಕಿಯ ಪಕ್ಕದ ತೆಳ್ಳನೆಯ ಹುಡುಗ ಎದ್ದು ನಿಂತು, "ಗುರುಸಿದ್ಧ ಬೀರಣ್ಣ ಪೂಜಾರಿ" ಎಂದ.

ನನ್ನ ಯಜಮಾನರ ಹೆಸರೂ ಅದೇ.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮವ್ವ ಕಲಿಸಿದ್ದಳು. ಈಗಿನವರು ಫೋನಿನಲ್ಲೇ ಹೆಸರು ಹಿಡಿದು ಕರೆಯುತ್ತಾರೆ, ಗೊತ್ತು. ಆದರೆ ನಮ್ಮ ಮನೆಯಲ್ಲಿ ಅತ್ತೆ ಪಾರ್ವತಿಬಾಯಿ ಇವತ್ತಿಗೂ ಮಾವನವರನ್ನು "ಅಂಗಡಿಯವರು" ಎಂದೇ ಅನ್ನುವುದು. ಹಿಂದೊಮ್ಮೆ ಆಧಾರ್ ಕೇಂದ್ರದಲ್ಲಿ ಅತ್ತೆಗೆ ಗಂಡನ ಹೆಸರು ಕೇಳಿದರು. ಅವರು ನನ್ನ ಮುಖ ನೋಡಿದರು. ನಾನಾದರೂ ಮಾವನ ಹೆಸರು ಹೇಗೆ ಹೇಳಲಿ? ಇಬ್ಬರೂ ಸುಮ್ಮನೆ ನಿಂತಿದ್ದಾಗ ನನ್ನ ಸೊಂಟದ ಮೇಲಿದ್ದ ಪ್ರಣಿತಾಳೇ "ಮಲಕಾಜಪ್ಪ" ಎಂದು ಕೂಗಿ ನಮ್ಮನ್ನು ಪಾರು ಮಾಡಿದ್ದಳು.

ಅದನ್ನೆಲ್ಲ ನಗುತ್ತ ಹೇಳಬಹುದು. ಆದರೆ ಹೋದ ವರ್ಷ ಇವರಿಗೆ, ಅಂದರೆ ಯಜಮಾನರಿಗೆ, ಡೆಂಗ್ಯೂ ಬಂದು ದವಾಖಾನೆಯಲ್ಲಿ ಮಲಗಿದ ಮೇಲೆ ನಾನು ಆ ಹೆಸರನ್ನು ಮನಸ್ಸಿನಲ್ಲೂ ಅಂದುಕೊಳ್ಳದ ಹಾಗೆ ಆಗಿದ್ದೆ.

ಜೋಳದ ಪಾಠ ಮಾಡಿದೆ. ಬೋರ್ಡಿನ ಮೇಲೆ ತೆನೆ ಬರೆದೆ. ಎಲ್ಲರನ್ನೂ ಹೆಸರು ಹಿಡಿದು ಕೇಳಿದೆ. ಕಿಟಕಿಯ ಕಡೆ ಬಂದಾಗ ನಾಲಿಗೆ ಏಳಲಿಲ್ಲ. ಪಕ್ಕದವನನ್ನು ಕೇಳಿ ಮುಂದೆ ಹೋದೆ. ಕಿಟಕಿಯ ಹುಡುಗ ಕೈ ಎತ್ತಿದ. ಮತ್ತೆ ಎತ್ತಿದ. ಕೊನೆಗೆ ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟು ಎತ್ತಿ ಹಿಡಿದಿದ್ದ.

ಪಾಠ ಮುಗಿದ ಮೇಲೆ ಮೇಡಂ ಕೇಳಿದರು, "ಆ ಹುಡುಗನ್ನ ಯಾಕ ಕರೀಲಿಲ್ಲ?"

ನಾನು ಬೋರ್ಡು ಒರೆಸಲು ತಿರುಗಿದೆ. ಅಕ್ಕನಾಗಮ್ಮ ಎಂಬ ಹುಡುಗಿಯೇ ಎದ್ದು ನಿಂತಳು. "ಟೀಚರ್ ಅವರ ಮಾಲಕರ ಹೆಸರ ಗುರುಸಿದ್ಧ ಇರಬೇಕ್ರಿ. ನಮ್ಮವ್ವನೂ ಹಿಂಗ ಮಾಡ್ತಾಳ್ರಿ. ನಮ್ಮ ಮಾಮಾಗೂ ಅಪ್ಪನ ಹೆಸರ ಅದಂತ ಅವಗ 'ಏ ಉದ್ದಾನವನ' ಅಂತಾಳ."

ಮಕ್ಕಳು ನಕ್ಕರು. ಗುರುಸಿದ್ಧ ಮಾತ್ರ ನಗಲಿಲ್ಲ.

ಮೇಡಂ ನನ್ನನ್ನು ಹೊರಗೆ ಕರೆದು ಹೇಳಿದರು. "ನಮ್ಮವ್ವನೂ ಹೆಸರ ತಗೋತಿದ್ದಿಲ್ಲ, ನನಗ ತಿಳೀತದ. ಆದ್ರ ಆ ಹುಡುಗಗ ತಿಳಿಯೂದಿಲ್ಲ. ಶನಿವಾರ ಮುಂಜಾನಿ ಪರತ ಬರ್ರಿ, ಇದ ಮಕ್ಕಳ ಮುಂದ. ಅವತ್ತೂ ಆಗಲಿಲ್ಲಂದ್ರ ಸೀಟ ಬ್ಯಾರೆಯವರಿಗೆ ಹೋಗ್ತದ."

ಮನೆಯಲ್ಲಿ ಇವರಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಕರೆಂಟ್ ಆಫೀಸಿನವರು, ಬ್ಯಾಂಕಿನವರು ದಿನಾ ನನ್ನ ಹೆಸರ ಹಿಡದು ಬೈತಾರ. ಗಟ್ಟೇ ಅದೀನಲ್ಲ? ಕರಿಯವಾ ತಾಯಿ, ನಾ ಎಲ್ಲೂ ಹೋಗಾಂಗಿಲ್ಲ."

ಶೇಂಗಾ ಸುಲಿಯುತ್ತ ಕೂತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡು, ಮೊರ ಎತ್ತಿಕೊಂಡು ಒಳಗೆ ಹೋದರು. ಅದಕ್ಕೇ ನನಗೆ ಹೆಚ್ಚು ಭಯವಾದದ್ದು. ನಾನು ಸಂಜೆ ಕಾಲೇಜಿಗೆ ಹೋಗುತ್ತಿದ್ದಷ್ಟು ದಿನವೂ ಪ್ರಣಿತಾಳಿಗೆ ಉಣಿಸಿ ಮಲಗಿಸಿದವರು ಅವರು. ಅವರ ಮಗನ ಆಯುಷ್ಯದ ಮಾತಿನಲ್ಲಿ ಅವರನ್ನು ನೋಯಿಸಿ ನನಗೆ ಯಾವ ಸೀಟೂ ಬೇಡವಾಗಿತ್ತು. ಶನಿವಾರ ಹೋಗುವುದೇ ಬೇಡ ಎಂದು ಮನಸ್ಸಿನಲ್ಲೇ ನಿರ್ಧರಿಸಿದೆ.

ಮರುದಿನ ಮಧ್ಯಾಹ್ನ ಅತ್ತೆ ಕರೆದರು. "ಪೂನಮ, ಬಾ ಇಲ್ಲಿ, ಕೂಡು. ಶನಿವಾರ ಹೋಗ್ತಿಯಿಲ್ಲ?"

"ಬ್ಯಾಡ ಬಿಡ್ರಿ ಅತ್ತಿ. ನನಗ ಹೆಸರ ತಗೊಳ್ಳಾಕ ಆಗೂದಿಲ್ಲ. ಅವರಿಗೆ ಏನರೆ ಆದ್ರ?"

ಅವರು ಶೇಂಗಾದ ಮೊರ ಪಕ್ಕಕ್ಕೆ ಸರಿಸಿದರು.

"ದವಾಖಾನ್ಯಾಗ ಅವ ಕಣ್ಣ ತೆರೀಲಿಲ್ಲ, ನೆನಪದ? ನೀ ಮೂಲ್ಯಾಗ ಬಾಯಿ ಮುಚ್ಚಿಕೊಂಡು ನಿಂತಿದ್ದಿ. ನಾ ಮಾತ್ರ ಗುರು, ಗುರುಸಿದ್ಧ ಅಂತ ಕರದ ಕರದೆ. ಆ ನರ್ಸಬಾಯಿಗೆ ಬ್ಯಾಸರಾತು. ಕರದ ಪರತ ತಂದೀನಿ ಅವನ್ನ."

"ನೀವು ತಾಯಿರಿ."

"ಹೌದು. ತೊಟ್ಟಿಲದಾಗ ಹಾಕಿ ಹೆಸರ ಇಟ್ಟಾಕಿನೂ ನಾನ. ಮಂದಿ ಕರೀಲಿ ಅಂತನ ಇಟ್ಟೀನಿ. ಅಲ್ಲಿ ಆ ಕೂಸಿನ ತಾಯಿನೂ ಹಂಗ ಇಟ್ಟಿರಬೇಕು. ಕೈ ಎತ್ತಿ ಕೂತು ಸುಮ್ಮನ ಮನಿಗೆ ಹೋತು. ಮನ್ಯಾಗ ಏನ ಹೇಳಿತೋ ಏನೋ."

ನನ್ನ ಕಣ್ಣು ತುಂಬಿದವು. ಇಡೀ ರಾತ್ರಿ ನಾನು ಇವರ ಬಗ್ಗೆ ಯೋಚಿಸಿದ್ದೆ, ಸೀಟಿನ ಬಗ್ಗೆ ಯೋಚಿಸಿದ್ದೆ. ಹುಡುಗ ಮನೆಗೆ ಹೋಗಿ ಏನು ಹೇಳಿದನೆಂದು ಯೋಚಿಸಿರಲಿಲ್ಲ.

"ಈಗ ಅನ್ನು, ನನ್ನ ಮುಂದ" ಎಂದರು ಅತ್ತೆ.

ಬಾಯಿ ತೆರೆದೆ. ಮೊದಲ ಅಕ್ಷರದಲ್ಲೇ ನಿಂತೆ. ಅಳುವನ್ನು ಮರೆಮಾಚಲು, "ಮೊದಲ ನೀವು ಒಮ್ಮಿ ಮಾವನವರ ಹೆಸರ ಅನ್ರಿ, ಆಮ್ಯಾಲ ನಾ ಅಂತೀನಿ" ಎಂದೆ.

ಅತ್ತೆಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುವಷ್ಟು ನಗು ಬಂತು. "ನಾ ಏನ ಬಿ.ಎಡ್. ಮಾಡಾಕ ಹೊಂಟೀನೇನ?"

ಶನಿವಾರ ಇವರೇ ಗಾಡಿಯ ಮೇಲೆ ಕರೆದುಕೊಂಡು ಹೋದರು. ಆ ಹೆಸರು ಅಲ್ಲಿಯವರೆಗೂ ನನ್ನ ಬಾಯಿಂದ ಬಂದಿರಲಿಲ್ಲ. ಇವರು ಗೇಟಿನ ಬಳಿ ಬೇವಿನ ನೆರಳಲ್ಲಿ ಗಾಡಿ ನಿಲ್ಲಿಸಿಕೊಂಡು ಮೊಬೈಲು ನೋಡುತ್ತ ನಿಂತರು. ನಾನು ಒಳಗೆ ಹೋದೆ. ಉಜ್ವಲಾ ಮೇಡಂ ಆಗಲೇ ಬಂದು ಕೂತಿದ್ದರು. ಕಿಟಕಿಯ ಪಕ್ಕದ ಜಾಗ ಖಾಲಿ.

ಒಳಗೊಳಗೆ ಹಗುರಾದ ಹಾಗಾಯಿತು. ಬಾರದವನನ್ನು ಕರೆಯುವ ಪ್ರಶ್ನೆಯೇ ಇಲ್ಲ. ಹಾಗೆ ಅನ್ನಿಸಿದ್ದಕ್ಕೆ ಆ ಕ್ಷಣವೇ ನಾಚಿಕೆಯೂ ಆಯಿತು. ಪಾಠ ಶುರು ಮಾಡಿದೆ. ಸಾಯಬಣ್ಣನನ್ನು ಕೇಳಿದೆ, ಓಂಕಾರನನ್ನು ಕೇಳಿದೆ. ಕಣ್ಣು ಮಾತ್ರ ಕಿಟಕಿಯ ಕಡೆಗೇ ಹೋಗುತ್ತಿತ್ತು.

"ಅವ ಬಂದಿಲ್ಲೇನು?" ಎಂದು ಕೇಳಿದೆ.

"ಬಂದಾನ್ರಿ" ಎಂದಳು ಅಕ್ಕನಾಗಮ್ಮ. "ನೀವು ಬಂದದ್ದು ನೋಡಿ ಟಾಕಿ ಕಡೆ ಹೋಗ್ಯಾನ. ಟೀಚರ್ ನನಗೇನ ಕರ್ಯಾಂಗಿಲ್ಲ ಅಂದ."

ಬೋರ್ಡಿನ ಮೇಲೆ ಬರೆಯುತ್ತಿದ್ದ ಖಡು ಕೆಳಗಿಟ್ಟು ಬಾಗಿಲಿಗೆ ಹೋದೆ. ನೀರಿನ ಟಾಕಿಯ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತು ಹುಡುಗ ಕಡ್ಡಿಯಿಂದ ಮಣ್ಣು ಕೆದರುತ್ತಿದ್ದ. ಅವನ ಅಂಗಿಯ ಬೆನ್ನಿನ ಹೊಲಿಗೆ ಸ್ವಲ್ಪ ಬಿಚ್ಚಿತ್ತು.

"ಗುರುಸಿದ್ಧ" ಎಂದೆ. ದನಿ ಹೊಸ್ತಿಲು ದಾಟಲಿಲ್ಲ. ಉಸಿರು ತೆಗೆದುಕೊಂಡು ಇಡೀ ಬಯಲಿಗೆ ಕೇಳುವ ಹಾಗೆ ಕೂಗಿದೆ. "ಗುರುಸಿದ್ಧಾ, ಒಳಗ ಬಾರೋ. ನಿನ್ನ ಪ್ರಶ್ನೆ ಒಂದ ಉಳದದ."

ಗೇಟಿನ ಬಳಿ ಇವರು ಗಾಬರಿಯಿಂದ ತಲೆ ಎತ್ತಿ ನಾಲ್ಕು ಹೆಜ್ಜೆ ಬಂದೇಬಿಟ್ಟರು. ಆಮೇಲೆ ತಿಳಿದು ಅಲ್ಲೇ ನಿಂತರು. ಹುಡುಗ ಮಾತ್ರ ಓಡಿ ಬಂದ.

"ಜೋಳದ ರಾಶಿ ಆದ ಮ್ಯಾಲ ಉಳದ ದಂಟು, ಕಣಕಿ, ಏನ ಮಾಡ್ತಾರ, ಹೇಳು" ಎಂದೆ.

"ಎಮ್ಮಿಗೆ ಹಾಕ್ತಾರ್ರಿ. ನಮ್ಮ ಕುರಿ ಒಣ ಎಲಿ, ರವದಿ ಅಷ್ಟ ತಿಂತಾವ, ದಂಟ ಒಲ್ಲೆ ಅಂತಾವ. ಒಂದ ಟಗರ ಮಾತ್ರ ಎಲ್ಲಾ ತಿಂತದ, ಹಗ್ಗನೂ ತಿಂತದ." ಮೂರು ದಿನ ತಡೆದಿಟ್ಟದ್ದೆಲ್ಲ ಹೊರಗೆ ಬಂತು. ಟಗರಿನ ಕತೆ ಮುಗಿಯುವುದರೊಳಗೆ ಗಂಟೆ ಹೊಡೆಯಿತು.

ಬೋರ್ಡಿನ ಮೇಲೆ ಅರ್ಧ ತೆನೆ ಉಳಿದಿತ್ತು. ಮೇಡಂ ಎದ್ದು ಬಂದರು.

"ಪಾಠ ಪೂರಾ ಆಗಲಿಲ್ಲ."

"ಹೂಂರಿ."

"ಪಾಠ ಪೂರಾ ಮಾಡೂದು ನಾವು ಕಲಸ್ತೀವಿ. ಸೋಮವಾರ ಅಸಲ ಸರ್ಟಿಫಿಕೇಟ್ ತಗೊಂಡ ಸೋಲಾಪುರಕ್ಕ ಬರ್ರಿ, ಅಡ್ಮಿಷನ್ ಮಾಡಿಸೂಣು."

ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಇನ್ನೊಮ್ಮೆ ಕೇಳಿದೆ. ಅವರು ಅಷ್ಟೇ ಸಾವಧಾನವಾಗಿ ಇನ್ನೊಮ್ಮೆ ಹೇಳಿದರು.

ಮರಳುವಾಗ ವಳಸಂಗದಲ್ಲಿ ಚಹಾಕ್ಕೆ ನಿಂತೆವು. "ಇನ್ನೊಮ್ಮಿ ಕರಿ ನೋಡೂಣು" ಎಂದರು ಇವರು.

"ಸಾಲ್ಯಾಗ ಅಷ್ಟರಿ" ಎಂದೆ.

ನಗುತ್ತ ಅತ್ತೆಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಅತ್ತೆ ಸೀಟಿನ ಸುದ್ದಿ ಕೇಳಲಿಲ್ಲ. "ಹುಡುಗ ಬಂದಿದ್ದನೇನು?" ಎಂದರು.

"ಬಂದಿದ್ದ ಅತ್ತಿ. ಕರದೆ. ಓಡಿ ಬಂದ."

ಸೋಮವಾರ ಅಡ್ಮಿಷನ್ನಿಗೆ ಹೋಗಬೇಕೆಂದು ಆಗ ಹೇಳಿದೆ.

"ಹಂಗಾರ ಸೋಮವಾರ ಪ್ರಣಿತಾನ ಡಬ್ಬಿ ನಾ ಕಟ್ತೀನಿ" ಎಂದರು. "ನೀ ಲಗೂನ ಹೋಗು."