ಮಾಸು ಹೊರುವವಳು

“ಬಕೀಟು ಹೊರೋ ಮುಂಡೇದು, ನನಗೆ ವೈದ್ಯ ಹೇಳಿಕೊಡ್ತೀಯ? ದೂರ ನಿಲ್ಲೇ, ನಾತ ಹೊಡೀತೀಯ,” ಎಂದು ಡಾಕ್ಟರಮ್ಮ ಕೈಗವಸು ಎಳೆದುಕೊಂಡರು.

ಆಸ್ಪತ್ರೆಯವರೆಲ್ಲ ಬಕೀಟಮ್ಮ ಎಂದೇ ಕರೆಯುತ್ತಿದ್ದ ಆ ಹೆಂಗಸು ಗೋಡೆಗೆ ಒತ್ತಿಕೊಂಡಳು, ಹೊರಗೆ ಮಾತ್ರ ಹೋಗಲಿಲ್ಲ. ಹೆರಿಗೆ ಮೇಜಿನ ಮೇಲಿದ್ದವಳು ಅವಳ ಮಗಳು. ಎಂಟು ತಿಂಗಳ ಬಸುರಿ, ಬೆಳಿಗ್ಗೆಯವರೆಗೂ ಇದೇ ಆಸ್ಪತ್ರೆಯ ಮೆಟ್ಟಿಲು ಒರೆಸಿದವಳು. ಮೂರು ದಿನದಿಂದ ಹನಿಹನಿ ಕೆಂಪು. ನೋವು ಎಳ್ಳಷ್ಟೂ ಇಲ್ಲ. ತಾಯಿಯ ಜೀವ ಝಲ್ಲೆಂದದ್ದು ಆ ನೋವಿಲ್ಲದ್ದಕ್ಕೇ. ಮಗಳನ್ನು ತೋರಿಸಲು ರಜೆ ಕೇಳಿದರೆ ಗುಡಿಸುವವರ ಮೇಸ್ತ್ರಿ, “ಬಸುರಾಗೋವಾಗ ನನ್ನ ಕೇಳಿದ್ಲಾ?” ಎಂದು ಹಲ್ಲು ಕಿರಿದಿದ್ದ.

ಹೆತ್ತ ಮೇಲೆ ಬೀಳುವ ಮಾಸನ್ನು ಹೊತ್ತು ಹಿತ್ತಲ ಗುಂಡಿಗೆ ಸುರಿಯುವುದು ಹದಿನೆಂಟು ವರ್ಷದಿಂದ ಅವಳ ಕೆಲಸ. ಸುರಿಯುವ ಮುಂಚೆ ಒಮ್ಮೆ ನೋಡುತ್ತಿದ್ದಳು. ಮಾಸು ಅಂಗೈಯಷ್ಟೇ ಇದ್ದರೆ ಕೂಸು ಒಣಗಿ ಕಡ್ಡಿಯಾಗಿರುತ್ತಿತ್ತು. ಅದು ಹರಿದು ಚಿಂದಿಯಾಗಿ ಬಂದ ದಿನ ನೆಲದ ರಕ್ತ ಒರೆಸುವಷ್ಟರಲ್ಲಿ ಸೊಂಟ ಬೀಳುತ್ತಿತ್ತು. ಗರ್ಭದ ಬಾಯಿಗೆ ಅಡ್ಡ ಕೂತ ಮಾಸು ಅದು. ಅಂಥ ಬಸುರಿಯರಿಗೆ ಮೊದಲು ನೋವಿಲ್ಲದ ಕೆಂಪು. ಒಳಗೆ ಕೈಯಾಡಿಸಿದರೆ ಕೋಡಿ ಬಿದ್ದಂತೆ ರಕ್ತ.

“ಕೈ ಹಾಕ್ಬೇಡಿ ಅಮ್ಮಾ. ಮಾಸು ಬಾಯಿಗೇ ಕೂತದೆ. ಮೊದ್ಲು ಸ್ಕ್ಯಾನ್ ಮಾಡ್ಸಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಸ್ಕ್ಯಾನ್ ಕೋಣೆಯ ಬೀಗದ ಕೈ ಊಟಕ್ಕೆ ಹೋದವನ ಜೇಬಿನಲ್ಲಿತ್ತು. ಡಾಕ್ಟರಮ್ಮ ನರ್ಸಿನ ಕಡೆ ತಿರುಗಿ, “ನಾಳೆಯಿಂದ ನಾವಿಬ್ರೂ ಕಸ ಗುಡಿಸೋಣ, ಇವಳು ಹೆರಿಗೆ ಮಾಡ್ಲಿ,” ಎಂದರು. ನರ್ಸು ನಕ್ಕಳು. ಕೈ ಒಳಗೆ ಹೋಯಿತು.

ಮಗಳು ಚೀರಲಿಲ್ಲ. “ಅವ್ವಾ, ಕಾಲೆಲ್ಲ ಬೆಚ್ಚಗಾಯ್ತು,” ಎಂದಳು.

ಆಮೇಲೆ ಬರೀ ಓಡಾಟ. ರಕ್ತ ತರಲು ಹೊರಗೆ ನಿಂತಿದ್ದ ಅಳಿಯನ ಕೈಗೆ ಚೀಟಿ ಕೊಟ್ಟರು. ಗಡಿಬಿಡಿಯಲ್ಲಿ ಹೊಟ್ಟೆ ಕೊಯ್ದರು. ಕೂಸು ಅಳಲೇ ಇಲ್ಲ. ಅಳಿಯ ಮರಳುವ ಮುಂಚೆ ಮಗಳೂ ತಣ್ಣಗಾದಳು. ಮನೆಯವರು ತಡವಾಗಿ ಕರೆತಂದರೆಂದು ಕಾಗದದಲ್ಲಿ ಬರೆದುಕೊಂಡರು.

ಮೇಸ್ತ್ರಿ ಬಂದ. “ಅಳೋದು ಇದ್ದೇ ಇರ್ತದೆ. ಆಚೆ ಇನ್ನೊಬ್ಳು ನೋವು ತಿಂತಾ ಕೂತವ್ಳೆ. ನೆಲ ಒರೆಸಿಬಿಡು.”

ಬಕೀಟಮ್ಮ ಮಗಳ ರಕ್ತದ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು.

“ಒರೆಸಲ್ಲ. ನೋಡೋರು ನೋಡ್ಲಿ.”

ರಟ್ಟೆ ಹಿಡಿದು ಎಳೆದರೂ ಅವಳು ಮಿಸುಕಲಿಲ್ಲ. ಡಾಕ್ಟರಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಅವಳನ್ನು ಸುತ್ತಿಕೊಂಡು ಆಚೆ ಹೋದರು. ಮೇಸ್ತ್ರಿ ಕೆಳಗಿನಿಂದ ಇನ್ನೊಬ್ಬ ಕೆಲಸದವಳನ್ನು ಕರೆಸಿದ. ಅವಳು ತಲೆಯೆತ್ತದೆ ಅಂಚಿನಿಂದ ಒರೆಸುತ್ತ ಬಂದಳು. ಬಕೀಟಮ್ಮ ಕೂತಷ್ಟು ಜಾಗ ಬಿಟ್ಟು ಮಿಕ್ಕ ನೆಲವೆಲ್ಲ ಹೊಳೆಯಿತು.

ಆಚೆ ಕೂತಿದ್ದ ಬಸುರಿಯನ್ನು ಒಳಗೆ ಕರೆದರು.