ಹಿಲ್ಯಕ್ಕನ ಒಲೆಯಲ್ಲಿ ತಂಗಿಯ ಪಾಲು

ಕೆಂಡವನ್ನೆಲ್ಲ ಹೊರಗೆಳೆದ ಒಲೆಯೊಳಕ್ಕೆ ಮೊಳಕೈವರೆಗೆ ಬರಿಗೈ ಚಾಚಿ, ಕಣ್ಣು ಮುಚ್ಚಿ, ಸರೋವರದ ದಂಡೆಯ ಮನೆಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಶಾಖ ಅಳೆಯುವವರನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿದ್ದು ಒಬ್ಬರನ್ನೇ. ಹಿಲ್ಯಾ ಕೆಕಲೈನೆನ್ ಎಂಬುದು ಚರ್ಚಿನ ದಫ್ತರದ ಹೆಸರು. ಆ ದಂಡೆಯ ನಮಗೆಲ್ಲ ಹಿಲ್ಯಕ್ಕ. ಮೂರನೆಯ ಮನೆಯ ಹೆಸರಿಗೆ ಕೈ ಹಿಂದಕ್ಕೆ ಬಂದರೆ ರೈ ರೊಟ್ಟಿಯ ಹದ. ಹನ್ನೆರಡು ಮನೆ ದಾಟಿಯೂ ಕೈ ಒಳಗೇ ತಾಳಿಕೊಂಡು ನಿಂತಿತೆಂದರೆ ಅದು ಲಾಂತು ಗೆಡ್ಡೆಯ ಹದ. ಒಂಬತ್ತನೆಯ ಹೆಸರಾದ ಮೇಲೆ ಮಾತ್ರ ಆಕೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಗಿ, ಆಮೇಲೆ ಮುಂದಿನ ಮನೆಗೆ ಹೋಗುತ್ತಿದ್ದರು. ಆ ಉಸಿರಿನ ಜಾಗದಲ್ಲಿ ಎದುರು ದಂಡೆಯ ಮನೆಯೊಂದಿತ್ತು, ಅದರ ಹೆಸರನ್ನು ಅವರ ಬಾಯಿಂದ ಯಾರೂ ಕೇಳಿರಲಿಲ್ಲ.

ನಾನು ಆ ಭಾಗದಲ್ಲಿ ಗ್ರಂಥಾಲಯದ ಬಸ್ಸು ಓಡಿಸುತ್ತಿದ್ದವನು. ಮಂಗಳವಾರದ ಕೊನೆಯ ನಿಲ್ದಾಣ ಅವರ ಅಂಗಳ. ತೀರಿಹೋದ ಗಂಡನ ಬೂದುಬಣ್ಣದ ಸೈನ್ಯದ ಕೋಟಿನ ತೋಳುಗಳನ್ನು ಎರಡು ಮಡಿಕೆ ಮಡಿಸಿ, ಎಡಗೈಯನ್ನು ಬೆನ್ನ ಹಿಂದಿಟ್ಟು, ಗಾಳಿಯೇ ಇಲ್ಲದ ದಿನವೂ ಎದುರುಗಾಳಿಯಲ್ಲಿ ನಡೆಯುವವರ ಹಾಗೆ ಮುಂದಕ್ಕೆ ಬಾಗಿ ಬರುತ್ತಿದ್ದರು. ಆ ಕೋಟಿನ ಒಂದು ಜೇಬಿನಲ್ಲಿ ಮರದ ಚಮಚ, ಇನ್ನೊಂದರಲ್ಲಿ ಜಾಯಿಕಾಯಿ ಇರುತ್ತಿದ್ದವು. ಕರವಸ್ತ್ರ ಇದ್ದುದನ್ನು ನಾನು ಕಾಣೆ. ಹೌದೆನ್ನುವುದಾದರೆ ಉಸಿರನ್ನು ಒಳಕ್ಕೆಳೆದುಕೊಂಡು "ಹ್ಞೂಂ" ಎನ್ನುವುದು, ಉಳಿದದ್ದಕ್ಕೆಲ್ಲ ಕೈಗೆ ಸಿಗದಂತೆ ಉತ್ತರಿಸುವುದು ಅವರ ಕ್ರಮ. ಪುಸ್ತಕ ಹಿಡಿಸಿತೇ ಎಂದು ಕೇಳಿದರೆ, "ಹಿಡಿಸ್ತು ಅಂದ್ರೂ ಅನ್ನಬಹುದು, ಇಲ್ಲ ಅಂದ್ರೂ ಪಾಪ ಬರಲ್ಲ" ಎನ್ನುತ್ತಿದ್ದರು. ಅಲ್ಲಿನ ಸಾವೋ ಸೀಮೆಯವರು ಮಾತಾಡಿದರೆ ಅರ್ಥದ ಹೊಣೆ ಕೇಳಿದವನದು ಎಂದು ಗಾದೆಯೇ ಇದೆ.

ಆದರೆ ಲಾಂತುವಿನ ವಿಷಯದಲ್ಲಿ ಆ ಹಾರಿಕೆಯೆಲ್ಲ ಮಾಯವಾಗಿ, ಶಾಸ್ತ್ರ ಹೇಳುವ ಪಂಡಿತರ ನಿಷ್ಠುರತೆ ಅವರಿಗೆ ಬಂದುಬಿಡುತ್ತಿತ್ತು. ಪುಸ್ತಕಗಳಲ್ಲಿ ರುಟಬಾಗ ಎನಿಸಿಕೊಳ್ಳುವ, ಹೊರಗೆ ನೇರಳೆಯಾಗಿ ಒಳಗೆ ಹಳದಿಯಾಗಿರುವ ಈ ಒರಟು ಗೆಡ್ಡೆಯನ್ನು ಬೇರೆಯವರು ದನಕ್ಕೆ ಹಾಕುವ ವಸ್ತುವೆಂದು ತಿಳಿದರೆ ಹಿಲ್ಯಕ್ಕ ಅದಕ್ಕೆ ಹಬ್ಬದ ಗೌರವ ಕೊಟ್ಟಿದ್ದರು. ಎರಡು ಹಿಮ ಬೀಳದೆ ಅದನ್ನು ಕೀಳಬಾರದು. ಇಡೀ ಗೆಡ್ಡೆಯನ್ನು ಸಿಪ್ಪೆಸಮೇತ ಬೂದಿಯಲ್ಲಿ ಸುಟ್ಟರೆ ಬೆಣ್ಣೆ ಬಿಟ್ಟು ಬೇರೇನೂ ಸೋಕಿಸಬಾರದು. ರೈ ಹಿಟ್ಟಿನ ಕವಚದೊಳಗೆ ಲಾಂತು ಬಿಲ್ಲೆಗಳನ್ನೂ ಹಂದಿ ಕೊಬ್ಬನ್ನೂ ತುಂಬಿ ಬೇಯಿಸುವಾಗ ಕವಚ ಒಂದು ಹನಿ ಸೋರಿದರೂ ಮಾಡಿದವಳ ಮಾನ ಹೋದಂತೆ. ಎಲ್ಲಕ್ಕೂ ಮೇಲೆ ಕ್ರಿಸ್ಮಸ್ಸಿನ ಲಾಂತು ಪೆಟ್ಟಿಗೆ: ಬೇಯಿಸಿ ಮಸೆದ ಗೆಡ್ಡೆಗೆ ಕೆನೆಯಲ್ಲಿ ನೆನೆದ ರೊಟ್ಟಿಪುಡಿ, ಮೊಟ್ಟೆ, ಉಪ್ಪು, ಜಾಯಿಕಾಯಿ ಬೆರೆಸಿ, ಚೌಕ ಪಾತ್ರೆಗೆ ತುಂಬಿ, ಮೇಲ್ಮೈಯಲ್ಲಿ ಚಮಚದಿಂದ ಗೆರೆ ಎಳೆದು ಮಂದ ಶಾಖದಲ್ಲಿ ತಾಸುಗಟ್ಟಲೆ ಬಿಡುವುದು. ಒಳಗಿಟ್ಟ ಮೇಲೆ ಒಲೆಯ ಬಾಗಿಲು ತೆಗೆಯುವಂತಿಲ್ಲ, ಒಲೆಯವಳು ಮನೆ ಬಿಟ್ಟು ಕದಲುವಂತಿಲ್ಲ. ಒಮ್ಮೆ ಪಟ್ಟಣದಿಂದ ಗೃಹವಿಜ್ಞಾನದ ಸಲಹೆಗಾರ್ತಿಯೊಬ್ಬಳು ಬಂದು ಒಲೆಗೆ ಥರ್ಮಾಮೀಟರ್ ಇಡಲು ಹೇಳಿದಾಗ ಹಿಲ್ಯಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾಕಮ್ಮ, ಒಲೆಗೇನು ಜ್ವರ ಬಂದಿದ್ಯಾ?" ಎಂದು ವಾಪಸು ಕೊಟ್ಟರು.

ಇಷ್ಟು ದೊಡ್ಡ ಮನುಷ್ಯಳಿಗೆ ಒಂದು ದೊಡ್ಡ ಜಗಳವಿತ್ತು, ಮತ್ತು ಅದು ಒಡಹುಟ್ಟಿದವಳೊಂದಿಗೆ. ಹತ್ತು ವರ್ಷ ಕಿರಿಯಳಾದ ಎಲ್ವಿ ತಾಯಿಯ ತಿಥಿಯೂಟಕ್ಕೆ ಪೆಟ್ಟಿಗೆ ಮಾಡಿ ತಂದಳು; ಅದಕ್ಕೆ ಜೋನಿಬೆಲ್ಲದಂಥ ಕಪ್ಪು ಸಿರಪ್ ಸುರಿದಿದ್ದಳು. ಲಾಂತುವಿನ ಸಿಹಿ ಲಾಂತುವಿನಿಂದಲೇ, ನಿಧಾನವಾದ ಶಾಖದಿಂದಲೇ ಹೊರಡಬೇಕು, ಅಮ್ಮ ಎಂದೂ ಸಿರಪ್ ಮುಟ್ಟಿದವಳಲ್ಲ ಎಂದು ಅಕ್ಕ ಹೇಳಿದರು. ಅಮ್ಮ ಯಾವಾಗಲೂ ಹಾಕುತ್ತಿದ್ದಳು, ನಿನಗೆ ಅಮ್ಮನೇ ಗೊತ್ತಿಲ್ಲ ಎಂದು ತಂಗಿ ಇಡೀ ಊರಿನ ಮುಂದೆ ಅಂದುಬಿಟ್ಟಳು. ಅಕ್ಕನ ಬಾಲ್ಯ ಯುದ್ಧದ ಕಾಲ, ಆಗ ಸಿರಪ್ಪೇ ಸಿಗುತ್ತಿರಲಿಲ್ಲ. ತಂಗಿಯ ಬಾಲ್ಯಕ್ಕೆ ಅಂಗಡಿ ತುಂಬಿತ್ತು. ಇಬ್ಬರದೂ ನಿಜ ಎಂಬುದು ಊಟಕ್ಕೆ ಕೂತಿದ್ದ ಎಲ್ಲರಿಗೂ ಹೊಳೆಯಿತು, ಅವರಿಬ್ಬರಿಗೆ ಬಿಟ್ಟು. ಅಂದಿನಿಂದ ಮಾತಿಲ್ಲ. ಆದರೆ ಆಸ್ತಿ ಪಾಲಾದಾಗ ಮನೆ ಮತ್ತು ಒಲೆ ಅಕ್ಕನಿಗೆ, ಕಾಡು ತಂಗಿಗೆ ಎಂದು ಬರೆದ ಪತ್ರದಲ್ಲಿಯೇ, ಪ್ರತಿ ಕ್ರಿಸ್ಮಸ್ಸಿಗೂ ತಾಯಿಯ ಒಲೆಯ ಎಡಬದಿಯಲ್ಲಿ ಒಂದು ಪೆಟ್ಟಿಗೆಯ ಜಾಗ ಎಲ್ವಿಗೆ ಸೇರತಕ್ಕದ್ದು ಎಂಬ ಸಾಲೂ ಇತ್ತು. ಹೀಗಾಗಿ ಮಾತು ಬಿಟ್ಟ ಹನ್ನೊಂದು ವರ್ಷವೂ ಹಬ್ಬದ ಹಿಂದಿನ ದಿನ ಎಲ್ವಿಯ ಗಂಡ ಓಯ್ವ, ಕಾಲಿನಿಂದ ಒದ್ದು ಓಡಿಸುವ ಜಾರುಬಂಡಿಯ ಮೇಲೆ ಬಟ್ಟೆ ಕಟ್ಟಿದ ಪೆಟ್ಟಿಗೆಯನ್ನಿಟ್ಟುಕೊಂಡು ಹೆಪ್ಪುಗಟ್ಟಿದ ಸರೋವರ ದಾಟಿ ಬರುತ್ತಿದ್ದ.

ನಾನು ಹೇಳಹೊರಟ ವರ್ಷ, ಡಿಸೆಂಬರಿನ ಆ ದಿನ ನನ್ನ ಬಸ್ಸೂ ಅಲ್ಲಿತ್ತು. ಹಿಲ್ಯಕ್ಕ ಬಟ್ಟೆ ಬಿಚ್ಚಿ, ಎಂದಿನಂತೆ ಎಡಮೂಲೆಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಒಲೆಗೆ ಹೋಗುವುದರ ಉಪ್ಪು ನೋಡುವುದು ಒಲೆಯವಳ ಹಕ್ಕು ಎಂಬುದು ಅವರ ವಾದ, ಹಿಂದಿನ ವರ್ಷ ಹಾಗೆ ನೋಡಿ ನನ್ನ ಕಿವಿಯಲ್ಲಿ, "ಸಿರಪ್ಪಿಲ್ಲ. ಸೋತಿದಾಳೆ, ಬಾಯ್ಬಿಟ್ಟು ಹೇಳಲ್ಲ ಅಷ್ಟೆ" ಎಂದಿದ್ದರು. ಈ ಸಲ ಅವರ ಹುಬ್ಬು ಗಂಟಿಕ್ಕಿತು. ಆಮೇಲೆ ಮೇಲ್ಮೈಯ ಗೆರೆಗಳನ್ನು ನೋಡಿದರು. ಎಲ್ವಿಯ ಗೆರೆಗಳೆಂದರೆ ಮೀನಿನ ಪೊರೆ ಜೋಡಿಸಿದ ಹಾಗೆ ಅಚ್ಚುಕಟ್ಟು. ಇವು ಎಲ್ಲೋ ಹೊರಟು ಎಲ್ಲೋ ಜಾರಿದ್ದವು.

"ಓಯ್ವ, ಇದನ್ನ ಯಾರು ಮಾಡಿದ್ದು?"

"ಎಲ್ವೀನೇ. ಇನ್ಯಾರು ಮಾಡ್ತಾರೆ?"

"ಯಾವ ಕೈಯಲ್ಲಿ?"

ಓಯ್ವ ಕೈಯಲ್ಲಿದ್ದ ಟೊಪ್ಪಿಗೆಯನ್ನು ನೋಡಿಕೊಂಡ. "ಎಡಗೈಲಿ. ಅಕ್ಟೋಬರಲ್ಲಿ ಬಲಭಾಗಕ್ಕೆ ಲಕ್ವ ಹೊಡೀತು ಅಕ್ಕ. ನಿನಗೆ ಹೇಳಕೂಡ್ದು ಅಂತ ಆಣೆ ಹಾಕಿಸ್ಕೊಂಡಿದ್ಳು."

ಹಿಲ್ಯಕ್ಕ ನನ್ನ ಕಡೆ ತಿರುಗಿದರು. "ನಿನ್ನ ಬಸ್ಸು ಆ ದಂಡೆಗೂ ಹೋಗುತ್ತಲ್ಲ, ಪುಸ್ತಕದವನೆ."

"ನಾನೂ ಮಾತು ಕೊಟ್ಟಿದ್ದೆ ಹಿಲ್ಯಕ್ಕ," ಎಂದೆ. ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಅವರು ಬೈಯಲಿಲ್ಲ. ಪೆಟ್ಟಿಗೆಯನ್ನು ಎಡಬದಿಯಲ್ಲಿಟ್ಟು, ಬಾಗಿಲು ಮುಚ್ಚಿ, ಕೋಟು ತೊಟ್ಟರು. "ಓಯ್ವ, ಇಲ್ಲೇ ಕೂತ್ಕೊ. ಬಾಗಿಲು ತೆಗೆದ್ಯೋ, ನಿನ್ನನ್ನೂ ಒಳಗೆ ಹಾಕಿ ಬೇಯಿಸ್ತೀನಿ. ಪುಸ್ತಕದವನೆ, ಬಸ್ ತೆಗಿ." ನಲವತ್ತು ಕ್ರಿಸ್ಮಸ್ಸುಗಳಲ್ಲಿ ಬೇಯುತ್ತಿರುವ ಒಲೆಯನ್ನು ಬಿಟ್ಟು ಹೊಸ್ತಿಲು ದಾಟದಿದ್ದ ಹೆಂಗಸು ಅಂದು ಸರೋವರ ಸುತ್ತಿ ಹೋಗುವ ದಾರಿಯುದ್ದಕ್ಕೂ ಪುಸ್ತಕಗಳ ನಡುವೆ ನೆಟ್ಟಗೆ ಕೂತಿದ್ದರು.

ಎಲ್ವಿ ಅಡಿಗೆಮನೆಯ ಮೇಜಿನ ಬಳಿ ಕೂತಿದ್ದಳು, ಬಲಗೈ ಮಡಿಲಲ್ಲಿ ಬಿದ್ದಿತ್ತು. ಬಾಗಿಲಲ್ಲಿ ನಿಂತವರನ್ನು ನೋಡಿ ಮೊದಲು ಬಾಯಿ ತೆರೆದವಳು ಅವಳೇ.

"ಸಿರಪ್ಪಿಗೆ ಬೈಯಕ್ಕೆ ಇಷ್ಟು ದೂರ ಬಂದ್ಯಾ?"

"ಉಪ್ಪು ಮರೆತಿದೀಯ. ಹೇಳಿಹೋಗಣ ಅಂತ ಬಂದೆ." ಹಿಲ್ಯಕ್ಕನ ದನಿ ಗಡುಸಾಗಿಯೇ ಇತ್ತು, ಆದರೆ ಕಣ್ಣು ಮಡಿಲಿನ ಕೈ ಬಿಟ್ಟು ಕದಲಲಿಲ್ಲ. "ಇಷ್ಟು ವರ್ಷ ಸಿರಪ್ ಹಾಕ್ದೆ ಇದ್ದೋಳು, ಈ ಸಲ ಯಾಕೆ ಹಾಕ್ದೆ?"

ಎಲ್ವಿ ನಕ್ಕಳು, ಬಾಯಿಯ ಅರ್ಧಭಾಗ ಮಾತ್ರ ನಕ್ಕಿತು. "ಹಾಕ್ದೆ ಇದ್ನಾ? ಒಂದು ವರ್ಷವೂ ಬಿಟ್ಟಿಲ್ಲ ಕಣೆ. ನೀನು ಎಡಮೂಲೆ ಚಿವುಟಿ ರುಚಿ ನೋಡ್ತೀಯ ಅಂತ ಮೊದಲನೇ ವರ್ಷವೇ ಓಯ್ವ ಬಂದು ಹೇಳ್ದ. ಆವತ್ತಿಂದ ಆ ಮೂಲೆಗೆ ಅಂತ ಸಿರಪ್ಪಿಲ್ಲದ್ದನ್ನ ಬೇರೆ ಕಲಸಿ ತುಂಬ್ತಿದ್ದೆ. ಈ ಸಲ ಎರಡು ಥರ ಕಲಸೋಕೆ ಕೈಯಲ್ಲಿ ಆಗ್ಲಿಲ್ಲ ಅಕ್ಕ."

ಹಿಲ್ಯಕ್ಕನ ಬೆರಳು ಕೋಟಿನ ಗುಂಡಿಯ ಮೇಲೇ ನಿಂತಿತು. "ಇಷ್ಟು ವರ್ಷ ನನ್ನ ಪೆದ್ದಿ ಮಾಡಿದೀಯ."

"ಹ್ಞೂಂ," ಎಂದಳು ಎಲ್ವಿ, ಅದೇ ಅಕ್ಕನ ಹಾಗೆ ಉಸಿರನ್ನು ಒಳಕ್ಕೆಳೆದುಕೊಂಡು. "ಗೆದ್ದೆ ಅಂತ ತಿಳ್ಕೊಂಡು ಹಬ್ಬದ ದಿನ ಖುಷಿಯಾಗಿರ್ಲಿ ಅಂತ."

ಹಿಲ್ಯಕ್ಕ ಕುರ್ಚಿ ಎಳೆದುಕೊಂಡು ತಂಗಿಯ ಪಕ್ಕ ಕೂತು, ಆ ಸತ್ವವಿಲ್ಲದ ಕೈಯನ್ನೆತ್ತಿ ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಬಿಡುವಾದ ಕೈ ಇರಲಿಲ್ಲ. ನಾನು ಪುಸ್ತಕ ಜೋಡಿಸುವ ನೆಪದಲ್ಲಿ ಹೊರಗೆ ಬಂದೆ. ಸ್ವಲ್ಪ ಹೊತ್ತಿಗೆಲ್ಲ ಒಳಗಿನಿಂದ ದನಿ ಏರತೊಡಗಿತು.

"ಅಮ್ಮ ಸಿರಪ್ ಹಾಕ್ತಿದ್ಳು!"

"ಹಾಕ್ತಿರ್ಲಿಲ್ಲ!"

"ಹಾಕ್ತಿದ್ಳು ಅಂದ್ರೆ ಹಾಕ್ತಿದ್ಳು!"

ಆ ಜಗಳ ಇನ್ನೂ ಆರು ವರ್ಷ, ಎಲ್ವಿ ಇರುವ ತನಕ, ವಾರಕ್ಕೆ ಎರಡು ಬಾರಿಯಂತೆ ಒಂದೇ ಮೇಜಿನ ಮುಂದೆ ನಡೆಯಿತು. ಹಿಲ್ಯಕ್ಕ ಕೊನೆಗೂ ಸಿರಪ್ ಮುಟ್ಟಲಿಲ್ಲ, ಎಲ್ವಿ ಕೊನೆಗೂ ಬಿಡಲಿಲ್ಲ.

ಹಟಮಾರಿಗಳನ್ನು ಕಲ್ಲುಮನಸ್ಸಿನವರೆಂದು ಹೇಳುವವರ ಮಾತನ್ನು ನಾನು ಅಂದಿನಿಂದ ನಂಬುವುದನ್ನು ಬಿಟ್ಟಿದ್ದೇನೆ. ಸುಲಭವಾಗಿ ಕ್ಷಮಿಸುವವರು ಅಷ್ಟೇ ಸುಲಭವಾಗಿ ಮರೆತೂ ಬಿಡುತ್ತಾರೆ; ಅವರ ಸ್ನೇಹ ಹಿತವಾದದ್ದು, ಹಗುರವಾದದ್ದು. ಈ ಹಟದ ಜಾತಿಯವರಿಗೆ ಆ ಸೌಕರ್ಯವಿಲ್ಲ. ಒಬ್ಬರ ಮೇಲಿನ ಮುನಿಸನ್ನು ಹನ್ನೊಂದು ವರ್ಷ ಆರದಂತೆ ಕಾಪಾಡಬೇಕಾದರೆ ಆ ಹನ್ನೊಂದು ವರ್ಷವೂ ಒಂದು ದಿನ ತಪ್ಪದೆ ಅವರನ್ನೇ ನೆನೆಯುತ್ತಿರಬೇಕು.