ರಾಮವ್ವನ ವರತಿ

"ನಿನ್ನ ಆಯಿಲ್ ಚೆಲ್ಲಿದ ಜಾಗಾದಾಗ ನನ್ನ ಕುರಿ ತರುಬಬೇಕಾ?" ಎಂದಳು ರಾಮವ್ವ. ಆಯಿಲ್ ಚೆಲ್ಲಿದಂದಿನಿಂದ ಮಾತು ಬಿಟ್ಟಿದ್ದ ಅವಳು ಫಕ್ರುಸಾಬನೊಡನೆ ಮತ್ತೆ ಆಡಿದ ಮೊದಲ ಮಾತದು.

ಕಮತಗಿಯ ಹತ್ತಿರ ಹೊಳೆದಂಡೆಯಲ್ಲಿ ಹೊಲಕ್ಕೆ ನೀರೆತ್ತುವ ಫಕ್ರುಸಾಬನ ಡೀಸೆಲ್ ಎಂಜಿನ್ ಇತ್ತು. ಸುಟ್ಟ ಆಯಿಲ್ ತುಂಬಿದ ಪೀಪಾಯಿಯ ಮುಚ್ಚಳ ಬಿಗಿಮಾಡದೆ ಬಿಟ್ಟಿದ್ದ. ಅದು ಉರುಳಿ ಬರಿದಾದದ್ದು ಬೇರೆಲ್ಲೂ ಅಲ್ಲ, ಹೊಳೆ ಬತ್ತಿದಾಗ ರಾಮವ್ವ ಕುಡಿಯುವ ನೀರಿಗೆ ಉಸುಕಿನಲ್ಲಿ ವರತಿ ತೋಡುವ ಜಾಗದಲ್ಲಿ. ಅವಳ ಅತ್ತೆಯೂ ಅಲ್ಲೇ ತೋಡುತ್ತಿದ್ದಳು. ಬಿಸಿಲಲ್ಲಿ ಎಂಜಿನ್ ಜೊತೆ ಗುದ್ದಾಡಿ ಬಂದ ಫಕ್ರುಸಾಬ ಎಷ್ಟು ಬೇಸಿಗೆ ಅವಳ ಕೈಯ ನೀರು ಕುಡಿದಿದ್ದನೋ. ಈಗ ಅವಳು ದೂರದ ಬಾವಿಯಿಂದ ಸವುಳು ನೀರು ಹೊತ್ತು ತರುವುದನ್ನು ಕಂಡರೆ ಅವನು ಮುಖ ತಪ್ಪಿಸಿ ಎಂಜಿನ್ ಹಿಂದೆ ಸರಿಯುತ್ತಿದ್ದ.

"ನನ್ನ ಅಕ್ಕನ ಮಗ ಜಲಾಲುದ್ದೀನ ಧಾರವಾಡದಾಗ ಒಕ್ಕಲುತನದ್ದ ಓದ್ಯಾನಲ್ಲ, ಅವ ಹೇಳ್ಯಾನಕ್ಕಾ. ಉಸುಕಿನ್ಯಾಗ ಕಣ್ಣಿಗೆ ಕಾಣದ ಜೀವ ಅದಾವಂತ, ಆಯಿಲ್ ತಿಂತಾವಂತ. ಆದ್ರ ಬರೇ ಅದನ್ನ ತಿಂದು ಬೆಳೆಯಂಗಿಲ್ಲ, ಜೋಡಿ ಗೊಬ್ಬರ ಬೇಕು. ಯೂರಿಯಾ ಎಲ್ಲೂ ಸಿಗವಲ್ದು, ಇನ್ನ ನಿನ್ನ ಕುರಿ ಹಿಕ್ಕೀನ ಗತಿ," ಎಂದ ಫಕ್ರುಸಾಬ.

"ಅಂದ್ರ ರೊಟ್ಟಿ ಜೋಡಿ ಪಲ್ಯಾನೂ ಬೇಡ್ತಾವ ನಿನ್ನ ಜೀವ."

ಹಾಗೆ ಕುಟುಕಿದರೂ ರಾಮವ್ವ ಸಂಜೆ ಹಿಂಡನ್ನು ಅಲ್ಲಿಗೇ ಹೊಡೆದಳು. ಈಗಾಗಲೇ ಕೆಟ್ಟದ್ದು ಇನ್ನೇನು ಕೆಟ್ಟೀತು ಎಂಬುದು ಅವಳ ಲೆಕ್ಕ. ಗೊಬ್ಬರಕ್ಕೆಂದು ಹೊಲದಲ್ಲಿ ರಾತ್ರಿ ಕುರಿ ಕೂಡಿಹಾಕಿ ತರುಬಿಸುವುದು ರೂಢಿ. ಉಸುಕಿನಲ್ಲಿ ತರುಬಿಸಿದವರನ್ನು ಯಾರೂ ಕಂಡಿರಲಿಲ್ಲ. ಫಕ್ರುಸಾಬ ಈ ಸಲ ಉಸುಕಿನಲ್ಲೇ ಜೋಳ ಬಿತ್ತುತ್ತಾನೆಂದು ಊರು ನಕ್ಕಿತು. ಅವನು ನಗೆಗೀಡಾಗಿಯೇ ದಿನಾ ಸಲಿಕೆ ಹಿಡಿದ. ಆ ಜೀವಗಳಿಗೆ ಗಾಳಿ, ಹಸಿ ಎರಡೂ ಬೇಕೆಂದು ಜಲಾಲುದ್ದೀನ ಹೇಳಿದ್ದರಿಂದ, ಹಿಕ್ಕೆ ಬೆರೆತ ಉಸುಕನ್ನು ತಿರುವಿಹಾಕಿ ನೀರು ಚಿಮುಕಿಸುತ್ತಿದ್ದ. ಅಂಗೈಯಲ್ಲಿ ಬೊಕ್ಕೆ ಎದ್ದವು. ಮುಂಗಾರು ಬರುವಷ್ಟರಲ್ಲಿ ಆಯಿಲ್ ಹಿಡಿದ ಕಪ್ಪು ಹೆಂಟೆಗಳು ಪುಡಿಯಾಗಿ, ಉಸುಕಿಗೆ ಹಿಕ್ಕೆಯ ವಾಸನೆ ಮಾತ್ರ ಉಳಿದಿತ್ತು. ಆಮೇಲೆ ಹೊಳೆ ತುಂಬಿ ಎಲ್ಲವನ್ನೂ ಮುಚ್ಚಿತು.

ಮರುವರ್ಷ ಹೊಳೆ ಬತ್ತಿದಾಗ ರಾಮವ್ವ ಹಳೆಯ ಜಾಗದಲ್ಲೇ ಕೂತು ತೋಡಿದಳು. ಕದಡಿದ ನೀರನ್ನು ಮೊಗೆದು ಮೊಗೆದು ಚೆಲ್ಲಿ, ತಿಳಿನೀರು ನಿಂತ ಮೇಲೆ ಬಗ್ಗಿ ಮೂಸಿ ನೋಡಿದಳು. ಫಕ್ರುಸಾಬ ಹತ್ತಿರ ಹೋಗಲು ಧೈರ್ಯ ಸಾಲದೆ ಎಂಜಿನ್ ಮಗ್ಗುಲಲ್ಲೇ ನಿಂತಿದ್ದ.

"ಬಾ ಇಲ್ಲೆ. ಮೊದಲ ನೀ ಕುಡಿ."

ಅವನು ಬಂದು ಬೊಗಸೆಯೊಡ್ಡಿದ. ಅವಳು ತಂಬಿಗೆಯಿಂದ ಹೊಯ್ಯುತ್ತ ಅವನ ಮುಖವನ್ನೇ ನೋಡಿದಳು.

"ಹೆಂಗ ಅದಾವೋ ನೀರು?"

ಅವನು ಕೊನೆಯ ಗುಟುಕನ್ನೂ ಹೀರಿದ. ಒದ್ದೆ ಬೊಗಸೆಯನ್ನು ಮತ್ತೆ ಮುಂದೆ ಹಿಡಿದ.